ಗುಡ್ಡದ ಮೇಲಿನ ದವಾಖಾನೆ

ಜೋಯಿಡಾ ಸೀಮೆಯ ಹಳ್ಳಿಗಳಲ್ಲಿ ಬಿ.ಪಿ. ಗುಳಿಗೆ ಮುಗಿಯಿತೆಂದರೆ ಮನೆಮಂದಿಯೆಲ್ಲ ಕೂತು ಸಭೆ ನಡೆಸಬೇಕು. ದಾಂಡೇಲಿಗೆ ಹೋಗುವುದೋ, ಹಳಿಯಾಳಕ್ಕೋ, ಹೇಗೂ ಹೊರಟದ್ದಾಯಿತು ಎಂದು ಹುಬ್ಬಳ್ಳಿಗೇ ಹೋಗಿಬಿಡುವುದೋ? ಜಿಲ್ಲಾಸ್ಥಳ ಕಾರವಾರವಂತೂ ಘಟ್ಟದ ಕೆಳಗೆ.

ಮೊದಲು ಈ ಪ್ರಶ್ನೆಯೇ ಇರಲಿಲ್ಲ. ದಾಂಡೇಲಿಯ ನಮ್ಮ ಹಳೇ ಡಾಕ್ಟರು ನನ್ನ ಕಾಕಾನ ತೋಳಿಗೆ ಪಟ್ಟಿ ಸುತ್ತುತ್ತಲೇ, "ಹಪ್ಪಳ ಎಷ್ಟು ತಿಂದ್ರಿ?" ಎಂದು ಕೇಳುತ್ತಿದ್ದರು. ಕಾಕಾ "ಎರಡು" ಅಂದರೆ ಅವರು ಮನಸ್ಸಿನಲ್ಲೇ ಆರು ಎಂದು ಬರೆದುಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಹಪ್ಪಳದ ಲೆಕ್ಕ ಇಡುವವರು ಯಾರೂ ಇಲ್ಲ.

ಬೆಂಗಳೂರಿನ ಮಗ ಕಾಕಾನ ಮೊಬೈಲಿಗೆ ಆ್ಯಪುಗಳನ್ನು ತುಂಬಿಸಿಕೊಟ್ಟ. ಮನೆಯಲ್ಲಿ ಸಿಗ್ನಲ್ ಇಲ್ಲ. ಗೇರುಮರದ ಗುಡ್ಡ ಹತ್ತಬೇಕು. ಹತ್ತಿದ ಮೇಲೆ ಯಾರ ಬಿ.ಪಿ. ಆದರೂ ಏರಿಯೇ ಇರುತ್ತದೆ. ಒಂದು ಆ್ಯಪಿನವರು ಏನೂ ಕೇಳದೆ ಹಳೇ ಚೀಟಿಯನ್ನೇ ಹೊಸದು ಮಾಡಿಕೊಟ್ಟು, ಗುಳಿಗೆ ಮನೆಗೇ ಕಳಿಸುತ್ತೇವೆ ಎಂದರು. ಕಾಕಾ ಕೇಳಿದ: "ಕೊರಿಯರ್ ಹುಡುಗ ಹಳ್ಳ ಹೆಂಗ ದಾಟ್ತಾನಂತ?"

ಆಮೇಲೆ ಸಬ್ ಸೆಂಟರಿಗೆ ಕರೆದೊಯ್ದೆ. ಅಲ್ಲಿಯ ಆರೋಗ್ಯಾಧಿಕಾರಿ ಬಾಯಿ ಕಾಕಾನನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಬಿ.ಪಿ. ಅಳೆದು, ಸರ್ಕಾರದ ಇ-ಸಂಜೀವನಿಯಲ್ಲಿ ಡಾಕ್ಟರನ್ನು ಪರದೆಗೆ ಕರೆದರು. ಕಾಸಿಲ್ಲದ ಸೇವೆ. ಡಾಕ್ಟರು ಅಳತೆ ಕೇಳಿದರು, ಕಾಲು ಬಾತಿದೆಯೇ ಎಂದು ಕೇಳಿದರು, ರಕ್ತ ಪರೀಕ್ಷೆ ಯಾವಾಗ ಆಗಿತ್ತು ಎಂದೂ ಕೇಳಿದರು. ಸಲಿಗೆ ಬೆಳೆಯಿತೆಂದುಕೊಂಡ ಕಾಕಾ ಮೆಲ್ಲಗೆ, "ನಿದ್ದಿ ಗುಳಗೀನೂ ಬರದುಬಿಡ್ರಿ ಸಾಹೇಬ್ರ" ಎಂದ.

"ಅದು ಫೋನಿನ ಮೇಲೆ ಆಗೂದಿಲ್ರಿ, ಅಜ್ಜಾರ."

2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ನಿಯಮಗಳು ಹೇಳುವುದೂ ಇದನ್ನೇ: ಮಾದಕ ಹಾಗೂ ಮನೋಪರಿಣಾಮಿ ವಸ್ತುಗಳ ಪಟ್ಟಿಯಲ್ಲಿರುವ ಔಷಧಗಳನ್ನು ಸಾಮಾನ್ಯವಾಗಿ ದೂರದಿಂದ ಬರೆಯುವಂತಿಲ್ಲ. ಅದೇ ಕಾಯಿಲೆಗೆ ಮುಖಾಮುಖಿ ಕಂಡು ಆರು ತಿಂಗಳು ದಾಟಿದ್ದರೆ, ಫೋನಿನ ಭೇಟಿಯನ್ನು ಹಳೇ ರೋಗಿಯ ಮರುಭೇಟಿ ಎಂದು ಎಣಿಸುವಂತೆಯೂ ಇಲ್ಲ. ಚೀಟಿಯ ಮೇಲೆ ಡಾಕ್ಟರ ನೋಂದಣಿ ಸಂಖ್ಯೆ ಇರಲೇಬೇಕು.

ಕಾಕಾ ದಾರಿಯುದ್ದಕ್ಕೂ ಗೊಣಗಿದ. "ಇಂವಾ ಭಾಳ ಬಿಗಿ ಮನಿಷ್ಯಾ." ಮನೆ ಹತ್ತಿರ ಬಂದಾಗ ಮಾತ್ರ, "ಉಪ್ಪಿನಕಾಯಿ ಬಿಡು ಅಂದ, ಹಪ್ಪಳದ ಸುದ್ದಿ ತಗೀಲಿಲ್ಲ ನೋಡು" ಎಂದು ಖುಷಿಪಟ್ಟ. ನನಗೆ ಹಳೇ ಡಾಕ್ಟರು ನೆನಪಾದರು.

ನಮಗೆ ಈಗ ಈ ಪರದೆಯ ಡಾಕ್ಟರೇ ಕಾಯಂ. ಕೇಳಿದ್ದಕ್ಕೆಲ್ಲ ಹೂಂ ಅನ್ನುವವ ಅಂಗಡಿಕಾರ. ಒಂದಕ್ಕಾದರೂ ಇಲ್ಲ ಅನ್ನುವವರು ಡಾಕ್ಟರು. ನಿಮ್ಮ ಮನೆಯಲ್ಲೂ ದಿನಾ ಗುಳಿಗೆ ನುಂಗುವ ಹಿರಿಯರಿದ್ದರೆ ಆ್ಯಪಿನ ರಿಯಾಯಿತಿ ಆಮೇಲೆ ನೋಡಿ. ಮೊದಲು ಅವರ ಬಿ.ಪಿ. ಅಳೆಸಿ, ಆರು ತಿಂಗಳಿಗೊಮ್ಮೆಯಾದರೂ ಬಸ್ಸು ಹತ್ತಿಸಿ ಡಾಕ್ಟರ ಎದುರು ಕೂರಿಸಿ. ಹಪ್ಪಳದ ಲೆಕ್ಕವನ್ನು ನೀವೇ ಹೇಳಿ.