ಬಾಬಿಲೋನಿನ ನದಿಯ ಹಾಡು

ಊರಿನ ಹೆಸರುಳ್ಳ ಹಾಡು ಎಷ್ಟೋ ಬಾರಿ ಹುಟ್ಟುವುದು ಊರನ್ನು ಕಳೆದುಕೊಂಡವರ ಎದೆಯಲ್ಲಿ. ಕೀರ್ತನೆ 137ನ್ನೇ ನೋಡಿ. ಕ್ರಿ.ಪೂ. 6ನೆಯ ಶತಮಾನದಲ್ಲಿ ಜೆರುಸಲೇಮ್ ಪಾಳುಬಿದ್ದು, ಅದರ ಜನ ಬಾಬಿಲೋನಿಗೆ ಸೆರೆಹೋದರು. ಸೆರೆಹಿಡಿದವರೇ ಸಿಯೋನಿನ ಹಾಡನ್ನು ಕೇಳಬಯಸಿದರು. ಇವರೋ ಕಿನ್ನರಿಗಳನ್ನು ಮರಗಳಿಗೆ ತೂಗುಹಾಕಿ ಅತ್ತರು.

ಆ ಅಳಲನ್ನು 1970ರಲ್ಲಿ ಜಮೈಕಾದ ‘ಮೆಲೋಡಿಯನ್ಸ್’ ತಂಡ ರೆಗೆ ಧಾಟಿಯಲ್ಲಿ ಹಾಡಿತು. ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರ ಸಂತತಿಯಾದ ಅಲ್ಲಿನ ರಾಸ್ತಫಾರಿ ಪಂಥದವರಿಗೆ ಬಾಬಿಲೋನ್ ಎಂಬುದು ತಮ್ಮನ್ನು ತುಳಿದ ಅಧಿಕಾರದ ಹೆಸರಾಗಿತ್ತು. ಆ ಹೆಸರಿನ ನಗರವಾದರೋ ಇಂದು ಇರಾಕಿನಲ್ಲಿ ಅವಶೇಷವಾಗಿ ಉಳಿದಿದೆ. 1978ರಲ್ಲಿ ‘ಬೋನಿ ಎಂ’ ತಂಡ ಈ ಹಾಡನ್ನು ಜಗತ್ತಿಗೆಲ್ಲ ಕೇಳಿಸಿತು. ಅದರ ತಾಳಕ್ಕೆ ನಾನೂ ತಲೆದೂಗಿದ್ದೇನೆ, ನೀವೂ ತೂಗಿರಬಹುದು.

ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೊಂದಿದೆ. ಮೂಲ ಕೀರ್ತನೆ ಮುಗಿಯುವುದು ಶತ್ರುವಿನ ಹಸುಳೆಗಳನ್ನೂ ಬಿಡದ ಸೇಡಿನ ನುಡಿಯಲ್ಲಿ. ಜಮೈಕಾದವರು ಅದನ್ನು ಕೈಬಿಟ್ಟು, ತಮ್ಮ ಮಾತನ್ನೂ ಮನಸ್ಸನ್ನೂ ದೇವರ ಮುಂದಿಡುವ 19ನೆಯ ಕೀರ್ತನೆಯ ಕೊನೆಯ ಪ್ರಾರ್ಥನೆಯನ್ನು ಸೇರಿಸಿಕೊಂಡರು. ಸೇಡಿಗೆ ಕಾರಣ ಅವರಿಗೇನೂ ಕಡಿಮೆಯಿರಲಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲೂ ಊರು ಬಿಟ್ಟು ಬಂದವರಿದ್ದಾರೆ, ನೆಲ ಕಳೆದುಕೊಂಡವರಿದ್ದಾರೆ. ಅವರು ಅಳುವುದು ತಪ್ಪಲ್ಲ, ಕೀರ್ತನಕಾರನೂ ಅತ್ತನು. ಆದರೆ ನಮ್ಮ ನೋವಿನ ಹಾಡನ್ನು ಮಕ್ಕಳಿಗೆ ಕಲಿಸುವಾಗ ಅದರ ಕೊನೆಯ ಸಾಲು ಯಾವುದಾಗಿರಬೇಕೆಂದು ನೀವೇ ಯೋಚಿಸಿ.