ಹುಳಿಯಾರಿನ ದಾರಿಯಲ್ಲಿ ಕಂಡ ಹೊಗೆ

ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಯನ್ನು ಹಾದು ಹುಳಿಯಾರಿಗೆ ಹೋಗುವ ದಾರಿಯುದ್ದಕ್ಕೂ ತೆಂಗಿನ ತೋಟಗಳು ಕಣ್ಣಿಗೆ ತಂಪೆರೆಯುತ್ತವೆ. ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ತಾಳ್ಮೆಯಿಂದ ಕಾದು ಉಂಡೆ ಕೊಬ್ಬರಿ ಮಾಡುವ ಸೀಮೆಯಿದು. ಮಗಳ ಮದುವೆ, ಮಗನ ವಿದ್ಯಾಭ್ಯಾಸ, ಬ್ಯಾಂಕಿನ ಸಾಲ ಎಲ್ಲವೂ ಆ ಅಟ್ಟವನ್ನೇ ನೆಚ್ಚಿಕೊಂಡಿರುತ್ತವೆ.

ಕಳೆದ ಬೇಸಿಗೆಯಲ್ಲಿ ನಾವು ಹುಳಿಯಾರನ್ನು ಸಮೀಪಿಸುತ್ತಿದ್ದಾಗ ರಸ್ತೆಯಂಚಿನಲ್ಲಿ ದಟ್ಟವಾದ ಹೊಗೆಯೆದ್ದಿತ್ತು. ಆಳೆತ್ತರದ ಮಟ್ಟೆಯ ರಾಶಿಗೆ ಬೆಂಕಿಯಿಡಲಾಗಿತ್ತು. ಪಕ್ಕದಲ್ಲಿ ನಿಂತಿದ್ದ ವೃದ್ಧ ರೈತರನ್ನು ವಿಚಾರಿಸಿದೆವು. “ಏನು ಮಾಡೋದು ಗುರುಗಳೆ, ಸಾಗಿಸೋ ಖರ್ಚೂ ಹುಟ್ಟೋದಿಲ್ಲ. ಇಟ್ಟುಕೊಂಡರೆ ಜಾಗ ಸಾಲದು” ಎಂದರು. ಅವರ ತೋಟದ ಮರಗಳೋ ನೀರಿಲ್ಲದೆ ಸುಳಿ ಬಾಡಿ ನಿಂತಿದ್ದವು.

ಆ ನೋಟ ನಮ್ಮನ್ನು ಬಹುವಾಗಿ ನೋಯಿಸಿತು. ಎಲೆಯಲ್ಲಿ ಒಂದಗುಳೂ ಉಳಿಯದಂತೆ ಪ್ರಸಾದ ಸ್ವೀಕರಿಸಬೇಕೆಂಬ ಶಿಸ್ತಿನಲ್ಲಿ ಮಠದ ಪಂಕ್ತಿಯಲ್ಲಿ ಬೆಳೆದವರು ನಾವು. ಮರ ಕೊಟ್ಟದ್ದರಲ್ಲಿ ತಿರುಳನ್ನು ಮಾತ್ರ ತೆಗೆದುಕೊಂಡು ಮಿಕ್ಕದ್ದನ್ನು ಸುಡುವುದು ಎಲೆಯಲ್ಲಿ ಅನ್ನ ಬಿಟ್ಟೆದ್ದಂತಲ್ಲವೆ?

ಮಟ್ಟೆಯಲ್ಲಿ ಪೊಟ್ಯಾಷ್ ಹೇರಳವಾಗಿದೆ. ನಮ್ಮ ದೇಶವು ಈ ಗೊಬ್ಬರಕ್ಕಾಗಿ ಬಹುಪಾಲು ಹೊರದೇಶಗಳನ್ನೇ ಅವಲಂಬಿಸಿದೆ. ಸುಟ್ಟರೆ ಬೂದಿಯಲ್ಲಿ ಅದು ಉಳಿಯುತ್ತದೆ, ನಿಜ. ಆದರೆ ರಸ್ತೆಯಂಚಿನ ಬೂದಿ ಗಾಳಿಗೆ ಹಾರಿ ಮಳೆಗೆ ತೊಳೆದುಹೋಗುತ್ತದೆ. ನೀರು ಹಿಡಿದಿಡುವ ಗುಣವಂತೂ ಹೊಗೆಯೊಡನೆಯೇ ಹೋಗಿರುತ್ತದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳುವ ಕ್ರಮ ಬಹು ಸರಳ. ಮರದ ಪಾತಿಯಲ್ಲಿ ನೂರರಷ್ಟು ಮಟ್ಟೆಗಳನ್ನು ಉಬ್ಬಿದ ಭಾಗ ಮೇಲಾಗಿ ಹಾಸಿದರೆ ತೇವ ಆರದು. ಸಾಲುಗಳ ನಡುವೆ ಗುಣಿ ತೆಗೆದು ಹೂಳುವುದಾದರೆ ತಗ್ಗಿನ ಭಾಗ ಮೇಲಿರಬೇಕು. ಆಗ ಒಂದೊಂದು ಮಟ್ಟೆಯೂ ನೀರಿನ ಬಟ್ಟಲಾಗುತ್ತದೆ. ಹೀಗೆ ಹೂಳಿದ್ದರ ಫಲ ಐದರಿಂದ ಏಳು ವರ್ಷ ದೊರೆಯುತ್ತದೆ.

ನಾರು ತೆಗೆದ ಮೇಲೆ ಉಳಿಯುವ ಪುಡಿಯ ಸಮಸ್ಯೆ ಬೇರೆ. ಅದರಲ್ಲಿ ಲಿಗ್ನಿನ್ ಹೆಚ್ಚಿರುವುದರಿಂದ ಬೇಗ ಕೊಳೆಯದು. ಮಳೆಗೆ ನೆನೆದರೆ ಕಂದು ಒಗರು ನೀರು ಹರಿದು ಕೆರೆಯನ್ನೂ ಅದರೊಳಗಿನ ಮೀನುಗಳನ್ನೂ ಕೆಡಿಸುತ್ತದೆ. ಈ ಪುಡಿಯನ್ನು ಕರಗಿಸಬಲ್ಲ ಅಣಬೆಯ ಬೀಜವನ್ನೂ, ಟನ್ನಿಗೆ 5 ಕೆ.ಜಿ.ಯಂತೆ ಯೂರಿಯಾವನ್ನೂ ಪದರ ಪದರವಾಗಿ ಸೇರಿಸಿ, ತೇವ ಆರದಂತೆ ಒಂದು ತಿಂಗಳು ಬಿಟ್ಟರೆ ಕಪ್ಪನೆಯ ಗೊಬ್ಬರವಾಗುತ್ತದೆ. ಕರಟಕ್ಕಾದರೋ ಬೆಲೆಯಿದೆ. ಅದರ ಇದ್ದಿಲಿನಿಂದ ನೀರು ಶುದ್ಧಿಗೊಳಿಸುವ ಇಂಗಾಲ ತಯಾರಾಗುತ್ತದೆ. ಮಿತವಾದ ಗಾಳಿಯಲ್ಲಿ ಉರಿಸಿದರೆ ಎಂಜಿನ್ನು ಓಡಿಸುವ ಅನಿಲವೂ ದೊರೆಯುತ್ತದೆ.

ಇವೆಲ್ಲ ಹಳ್ಳಿಯಲ್ಲಿ ನಡೆಯುವ ಮಾತೆ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯದೇ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ಅವರು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿಯಿಂದ ಇಡೀ ಊರಿಗೆ ಅಡುಗೆ ಅನಿಲ ಕೊಡಲು ಮೊದಲು ಯತ್ನಿಸಿದರು. ಅನಿಲ ಸಾಲಲಿಲ್ಲ, ಕೆಲಸ ನಿಂತಿತು. ಊರವರಿಗೆ ಬೇಕಾಗಿದ್ದುದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ ವಿದ್ಯುತ್ತು ತಯಾರಿಸಿ ನೀರೆತ್ತಿ, ಮನೆಗಳಿಗೆ ನಲ್ಲಿಯನ್ನೂ ದೀಪವನ್ನೂ ಕೊಟ್ಟಾಗ ಜನ ತಾವೇ ಕೈಜೋಡಿಸಿದರು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣ ಸಿಕ್ಕಿತು, ಬಗ್ಗಡವು ಗೊಬ್ಬರವಾಗಿ ಹಿಂದಿರುಗಿತು. ಆ ವ್ಯವಸ್ಥೆ ಹಲವು ವರ್ಷ ನಡೆದು ನಿಂತಿದೆ. ಅದರ ಪಾಠ ಮಾತ್ರ ಉಳಿದಿದೆ. ಯಂತ್ರಕ್ಕಿಂತ ಮೊದಲು ಊರಿನ ಅಗತ್ಯವನ್ನು ಕೇಳಬೇಕು, ಮಣ್ಣಿನದನ್ನು ಮಣ್ಣಿಗೆ ಮರಳಿಸಬೇಕು.

ಹುಳಿಯಾರು ಸೀಮೆಯ ಅಗತ್ಯವೂ ನೀರೇ. ಆದುದರಿಂದ ಮಟ್ಟೆಯ ಮೊದಲ ಪಾಲು ತೋಟದ ಪಾತಿಗೆ ಸಲ್ಲಲಿ, ಮಿಕ್ಕದ್ದು ನಾರಿನ ಕಾರ್ಖಾನೆಗೆ ಹೋಗಲಿ ಎಂಬುದು ನಮ್ಮ ವಿನಂತಿ. ಇದನ್ನು ನಾವು ಆ ಹಿರಿಯರಿಗೂ ಅರಿಕೆ ಮಾಡಿದೆವು. ಅವರು ಮರುಮಾತಾಡದೆ, ಇನ್ನೂ ಉರಿ ತಾಗದ ಮಟ್ಟೆಗಳನ್ನು ಕೋಲಿನಿಂದ ಈಚೆಗೆ ಎಳೆಯತೊಡಗಿದರು. ನಾವೂ ಪಂಚೆ ಎತ್ತಿ ಕಟ್ಟಿ ಕೈಹಚ್ಚಿದೆವು.