ಎರಡೂ ಸರಿ

ಮೇ ತಿಂಗಳ ಒಂದು ಸಂಜೆ. ನ್ಯೂಜೆರ್ಸಿಯ ನಮ್ಮ ಅಡುಗೆಮನೆಯ ಮೇಜಿನ ಸುತ್ತ ಮಗಳು, ಅವಳ ಇಬ್ಬರು ಸಹಪಾಠಿಗಳು ಕೂತು ವಾದಕ್ಕಿಳಿದಿದ್ದರು. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಓದುವವರು ಬರೆಯುವ ಎಪಿ ಪರೀಕ್ಷೆಗಳಲ್ಲಿ ಅಮೆರಿಕದ ಇತಿಹಾಸದ್ದು ಮುಗಿದಿತ್ತು. ಮೂರೂಕಾಲು ಗಂಟೆಯ ಪರೀಕ್ಷೆ. ಬಹು ಆಯ್ಕೆಯ 55 ಪ್ರಶ್ನೆಗಳ ಬಗ್ಗೆ ಹೊರಗೆ ಬಾಯಿ ಬಿಡುವಂತಿಲ್ಲ. ಪ್ರಬಂಧದ ಪ್ರಶ್ನೆಗಳನ್ನು ಮಾತ್ರ ಆಮೇಲೆ ಪರೀಕ್ಷೆ ನಡೆಸುವವರೇ ಬಿಡುಗಡೆ ಮಾಡುತ್ತಾರೆ. ಅಲ್ಲಿಯವರೆಗೆ ತಡೆದುಕೊಂಡಿದ್ದ ಮಾತೆಲ್ಲ ಅವತ್ತು ಒಟ್ಟಿಗೇ ಹೊರಬಿದ್ದಿತ್ತು. ನಾನು ಒಗ್ಗರಣೆ ಹಾಕುತ್ತ ಕೇಳಿಸಿಕೊಳ್ಳುತ್ತಿದ್ದೆ.

ಮೈಸೂರಿನಲ್ಲಿ ನಾವೂ ಪರೀಕ್ಷೆ ಮುಗಿಸಿ ಗೇಟಿನ ಬಳಿ ನಿಂತು ಉತ್ತರ ತಾಳೆ ನೋಡುತ್ತಿದ್ದೆವು. ನಮ್ಮದು ಸುಲಭದ ಲೆಕ್ಕ. ಇಸವಿ ಸರಿಯಿದ್ದರೆ ಒಂದು ಅಂಕ, ತಪ್ಪಿದರೆ ಸೊನ್ನೆ. ಇವರು ಇಸವಿಯ ಸುದ್ದಿಯನ್ನೇ ಎತ್ತಲಿಲ್ಲ. ನಿನ್ನ ವಾದವೇನು, ಅದಕ್ಕೆ ಆಧಾರ ಏನು ಕೊಟ್ಟೆ ಎಂದು ಒಬ್ಬರನ್ನೊಬ್ಬರು ಹಿಡಿದು ಕೇಳುತ್ತಿದ್ದರು.

ವಿಷಯ ಅಂತರ್ಯುದ್ಧದ್ದು. ಅದಕ್ಕೆ ಮುಖ್ಯ ಕಾರಣ ರಾಜ್ಯಗಳ ಹಕ್ಕು ಎಂದು ಹುಡುಗ ಬರೆದಿದ್ದ. ಮಗಳು ಗುಲಾಮಗಿರಿ ಎಂದು ಬರೆದಿದ್ದಳು. ಇನ್ನೊಬ್ಬ ಹುಡುಗಿ ಎರಡನ್ನೂ ಬರೆದು, ಈಗ ಅದಕ್ಕೇ ಹೆದರಿ ಕೂತಿದ್ದಳು.

ನಾನು ಸುಮ್ಮನಿರಲಾರದೆ, "ಎರಡೂ ಸರಿ. ನನ್ನ ಪರೀಕ್ಷೆಯಲ್ಲಿ ಎರಡನ್ನೂ ಒಪ್ಪುತ್ತಿದ್ದರು" ಎಂದೆ.

ನನ್ನದು ಪೌರತ್ವದ ಪರೀಕ್ಷೆ. 2019ರಲ್ಲಿ ಅಧಿಕಾರಿಯ ಎದುರು ಕೂತು ಬಾಯಲ್ಲಿ ಉತ್ತರ ಹೇಳಿದ್ದು. ಆಗ 100 ಪ್ರಶ್ನೆಗಳನ್ನೂ ಉತ್ತರಗಳನ್ನೂ ಮೊದಲೇ ಕೊಡುತ್ತಿದ್ದರು. ಅದರಲ್ಲಿ ಹೆಚ್ಚೆಂದರೆ 10 ಕೇಳುತ್ತಿದ್ದರು, 6 ಸರಿಯಾದರೆ ಸಾಕು. ಅಂತರ್ಯುದ್ಧಕ್ಕೆ ಕಾರಣವಾದ ಒಂದು ಸಮಸ್ಯೆ ಹೇಳಿ ಎಂಬ ಪ್ರಶ್ನೆಗೆ ಪಟ್ಟಿಯಲ್ಲಿ ಮೂರು ಉತ್ತರಗಳಿದ್ದವು: ಗುಲಾಮಗಿರಿ, ಆರ್ಥಿಕ ಕಾರಣಗಳು, ರಾಜ್ಯಗಳ ಹಕ್ಕು. ಯಾವುದನ್ನು ಹೇಳಿದರೂ ಸರಿ.

ಮಗಳು ಒಪ್ಪಲಿಲ್ಲ. "ಯಾವುದರ ಹಕ್ಕು ಅಂತ ಕೇಳಬೇಕಲ್ವಾ ಅಮ್ಮ?" ಎಂದಳು. 1860ರ ಡಿಸೆಂಬರಿನಲ್ಲಿ ಒಕ್ಕೂಟ ಬಿಟ್ಟ ಮೊದಲ ರಾಜ್ಯ ಸೌತ್ ಕ್ಯಾರೊಲೈನಾ. ಯಾಕೆ ಬಿಟ್ಟೆವು ಎಂದು ಅದು ಹೊರಡಿಸಿದ ಘೋಷಣೆಯಲ್ಲಿದ್ದ ದೊಡ್ಡ ದೂರು, ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದು ಕೊಡುತ್ತಿಲ್ಲ ಎಂಬುದು. ಅಂದರೆ, ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಅವರಿಗೆ ತಪ್ಪಾಗಿ ಕಂಡಿತ್ತು. ಮುಂದಿನ ತಿಂಗಳು ಮಿಸಿಸಿಪ್ಪಿ ಇನ್ನೂ ಬಿಚ್ಚಿ, ತನ್ನ ನಿಲುವಿಗೂ ಗುಲಾಮಗಿರಿಗೂ ಬಿಡಿಸಲಾಗದ ನಂಟು ಎಂದು ಹೇಳಿಕೊಂಡಿತು.

"ಹಾಗಾದರೆ ನನ್ನ ಅಂಕ ಹೋಯಿತಾ?" ಎಂದ ಹುಡುಗ.

"ಆಧಾರ ಕೊಟ್ಟಿದ್ದರೆ ಅಂಕ ಬರುತ್ತೆ. ಆದರೂ ಅದು ಸರಿಯಲ್ಲ" ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಯಾವುದು ಹೇಳಿದ್ದೆ?"

ಆ ಕೋಣೆ ನೆನಪಾಯಿತು. ಎದುರಿಗಿದ್ದ ಅಧಿಕಾರಿ ಆಫ್ರಿಕನ್ ಅಮೆರಿಕನ್ ಮಹಿಳೆ, ನನ್ನ ಅಕ್ಕನ ವಯಸ್ಸಿನವರು. ಗುಲಾಮಗಿರಿ ಎಂಬ ಮಾತೇ ಮೊದಲು ನಾಲಿಗೆಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ರಾಜ್ಯಗಳ ಹಕ್ಕು ಎಂದೆ. ಅವರು ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ, ಸರಿ ಎಂದು ಗುರುತು ಹಾಕಿಕೊಂಡರು. ಅದೂ ಸೇರಿ ಆರಾಯಿತು. ಪಾಸಾದೆ.

ಅವರಿಗೆ ನೋವಾಗಬಾರದೆಂದು ಹಾಗೆ ಹೇಳಿದೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಆದರೆ ಆ ಮಾತಿಗೆ ಮುಜುಗರಪಟ್ಟವಳು ನಾನು, ಅವರಲ್ಲ. ಇದು ನನಗೆ ಹೊಸದೂ ಅಲ್ಲ. ಅಜ್ಜಿಯ ಮನೆಯಲ್ಲಿ ಕೆಲಸಕ್ಕೆ ಬರುತ್ತಿದ್ದವಳ ಲೋಟ ಹಿತ್ತಿಲಲ್ಲಿ ಬೇರೆ ಇರುತ್ತಿತ್ತು. ಯಾರಾದರೂ ಕೇಳಿದರೆ ಮಡಿ ಎನ್ನುತ್ತಿದ್ದೆವು. ನಮ್ಮ ಮನೆಯ ಪಟ್ಟಿಯಲ್ಲಿ ಅದು ಸರಿಯುತ್ತರ.

"ರಾಜ್ಯಗಳ ಹಕ್ಕು ಅಂತ ಹೇಳಿದ್ದೆ" ಎಂದೆ.

ಹುಡುಗ ನಕ್ಕ. ಮಗಳು ಏನೂ ಹೇಳದೆ ಎದ್ದು ತಟ್ಟೆ ಹಾಕತೊಡಗಿದಳು.